ಹಿಡಿತ ಮತ್ತು ಬಿಡುಗಡೆ

ಬೋಗಾದಿಯಂತೆ ಕೆರೆಯಿರುವ ಊರುಗಳ ಮಕ್ಕಳಿಗೆಲ್ಲ ಒಂದು ಆಟ ಗೊತ್ತು. ಚಪ್ಪಟೆಯಾದ ಹೆಂಚಿನ ಚೂರೊಂದನ್ನು ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದರೆ ಅದು ಒಡನೆಯೇ ಮುಳುಗುವುದಿಲ್ಲ. ಕಪ್ಪೆಯಂತೆ ನಾಲ್ಕಾರು ಬಾರಿ ಕುಪ್ಪಳಿಸಿ, ವೇಗ ಕುಂದಿದ ಬಳಿಕ ಮುಳುಗುತ್ತದೆ. ಹೆಂಚು ನೀರಿಗಿಂತ ಭಾರವಾದುದು. ಆದರೂ ವೇಗವಿರುವಷ್ಟು ಹೊತ್ತು ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಈ ಸರಳವಾದ ತತ್ತ್ವವನ್ನು ಆಧರಿಸಿ ಮನುಷ್ಯನೂ ನೀರಿನ ಮೇಲೆ ನಿಂತು ಸಾಗಬಲ್ಲನು. ಆ ಕ್ರೀಡೆಗೆ ವಾಟರ್ ಸ್ಕೀಯಿಂಗ್ ಎಂದು ಹೆಸರು.

ಈ ಕ್ರೀಡೆಯಲ್ಲಿ ಸವಾರನು ಉದ್ದವಾದ ಹಲಗೆಗಳ ಮೇಲೆ ಪಾದಗಳನ್ನಿಟ್ಟು, ಮೋಟಾರು ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದುಕೊಳ್ಳುತ್ತಾನೆ. ದೋಣಿ ವೇಗವಾಗಿ ಸಾಗಿದಂತೆ ಹಲಗೆಗಳು ನೀರಿನ ಮೇಲಕ್ಕೇರುತ್ತವೆ. ಈ ಹಲಗೆಗಳಿಗೆ ಸ್ಕೀ ಎನ್ನುತ್ತಾರೆ. ಹಲಗೆಯನ್ನು ತಯಾರಿಸುವುದು ಬಡಗಿಗೆ ಕಷ್ಟದ ಕೆಲಸವಲ್ಲ. ಅದರ ಮೇಲೆ ಪಾದವನ್ನು ನಿಲ್ಲಿಸುವ ಕಟ್ಟನ್ನು ರಚಿಸುವುದೇ ನಿಜವಾಗಿ ಕಠಿನವಾದ ಸಮಸ್ಯೆ.

ಈ ಕ್ರೀಡೆಯ ಜನಕನೆಂದು ಹೆಸರಾದವನು ಅಮೆರಿಕದ ಮಿನ್ನೆಸೋಟ ರಾಜ್ಯದ ರಾಲ್ಫ್ ಸ್ಯಾಮ್ಯುಯೆಲ್ಸನ್. 1922ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ತರುಣನಾಗಿದ್ದಾಗ, ಅವನು ಪೆಪಿನ್ ಸರೋವರದಲ್ಲಿ ಪ್ರಯೋಗಕ್ಕೆ ತೊಡಗಿದನು. ಮೊದಲು ಪೀಪಾಯಿಯ ಹಲಗೆಗಳನ್ನು ಬಳಸಿದನು. ಬಳಿಕ ಹಿಮದ ಮೇಲೆ ಜಾರುವ ಸ್ಕೀಗಳನ್ನು ಬಳಸಿ ನೋಡಿದನು. ಎರಡೂ ಅವನನ್ನು ಹೊರಲಿಲ್ಲ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆಗಳನ್ನು ಕೊಂಡು, ಅವುಗಳ ತುದಿಗಳನ್ನು ಕುದಿಯುವ ನೀರಿನಲ್ಲಿ ಮೆದುಗೊಳಿಸಿ ಮೇಲಕ್ಕೆ ಬಾಗಿಸಿದನು. ಪಾದಗಳನ್ನು ತೂರಿಸಲು ಹಲಗೆಗಳ ಮೇಲೆ ತೊಗಲಿನ ಪಟ್ಟಿಗಳನ್ನು ಜೋಡಿಸಿದನು. ಅವನ ಅಣ್ಣ ಬೆನ್ ದೋಣಿಯನ್ನು ನಡೆಸಿದನು. ಹಲವು ಸಲ ಬಿದ್ದ ಮೇಲೆ, ಹಿಂದಕ್ಕೆ ಒರಗಿ ಸ್ಕೀಗಳ ತುದಿಗಳನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿಯಬೇಕೆಂಬ ಗುಟ್ಟು ಅವನಿಗೆ ಹೊಳೆಯಿತು. 1922ರ ಜುಲೈ 2ರಂದು ಅವನು ನೀರಿನ ಮೇಲೆ ಎದ್ದು ನಿಂತು ಸಾಗಿದನು. ತನ್ನ ಸಾಧನಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ. ಅಮೆರಿಕದ ವಾಟರ್ ಸ್ಕೀ ಸಂಘ ಅವನ ಸಾಧನೆಯನ್ನು ಮನ್ನಿಸಿದ್ದು 1966ರಲ್ಲಿ.

ಸ್ಯಾಮ್ಯುಯೆಲ್ಸನ್ನನ ತೊಗಲಿನ ಪಟ್ಟಿ ನೇರವಾಗಿ ಸಾಗುವುದಕ್ಕೆ ಸಾಕಾಗಿತ್ತು. ಆದರೆ ಸವಾರನು ಎಡಬಲಕ್ಕೆ ತಿರುಗಬೇಕಾದರೆ ಸ್ಕೀಯನ್ನು ಒಂದು ಅಂಚಿನ ಮೇಲೆ ವಾಲಿಸಬೇಕು. ವಾಲಿಸುವ ಬಲ ಅವನ ಮೈಯಿಂದ ಹಲಗೆಗೆ ಹರಿಯುವುದು ಪಾದದ ಮೂಲಕವೇ. ಕಟ್ಟು ಸಡಿಲವಾಗಿದ್ದರೆ ಪಾದ ವಾಲುತ್ತದೆ, ಹಲಗೆ ವಾಲುವುದಿಲ್ಲ. ನಮ್ಮ ಹಿರಿಯರು ಮೆಟ್ಟುತ್ತಿದ್ದ ಮರದ ಹಾವುಗೆಯನ್ನು ನೆನೆಯಬಹುದು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳುಗಳ ನಡುವೆ ಹಿಡಿಯುವ ಒಂದು ಗುಬ್ಬಿಯೇ ಅದರ ಕಟ್ಟು. ಮೆಲ್ಲಗೆ ನಡೆಯುವವನಿಗೆ ಅದು ಸಾಕು. ಹಾವುಗೆ ಮೆಟ್ಟಿಕೊಂಡು ಓಡಲು ಹೊರಟವನಿಗೆ ಹಿಮ್ಮಡಿಗೂ ಹಿಡಿತ ಬೇಕೆಂಬುದು ತಿಳಿಯುತ್ತದೆ.

ಆದುದರಿಂದ ತೊಗಲಿನ ಪಟ್ಟಿಯ ಸ್ಥಾನಕ್ಕೆ ರಬ್ಬರಿನ ಕಟ್ಟು ಬಂದಿತು. ಅದರಲ್ಲಿ ಎರಡು ಭಾಗಗಳಿವೆ: ಮುಂಭಾಗವು ಪಾದದ ಮೇಲ್ಮೈಯನ್ನು ಅಪ್ಪಿ ಹಿಡಿಯುತ್ತದೆ, ಹಿಂಭಾಗವು ಹಿಮ್ಮಡಿಯನ್ನು ಸುತ್ತುವರಿಯುತ್ತದೆ. ಹಲವು ಮಾದರಿಗಳಲ್ಲಿ ಹಿಂಭಾಗವನ್ನು ಹಿಂದೆ ಮುಂದೆ ಸರಿಸಿ, ಬೇರೆ ಬೇರೆ ಅಳತೆಯ ಪಾದಗಳಿಗೆ ಹೊಂದಿಸಬಹುದು. ಕಟ್ಟನ್ನು ಹಲಗೆಯ ಮೇಲೆ ಕೂರಿಸುವ ಸ್ಥಳವೂ ಮುಖ್ಯವಾದುದು. ಅದು ಅತಿಯಾಗಿ ಮುಂದಿದ್ದರೆ ಸ್ಕೀಯ ಮೂತಿ ನೀರಿಗೆ ಇಳಿಯುತ್ತದೆ. ಅತಿಯಾಗಿ ಹಿಂದಿದ್ದರೆ ಬಾಲ ಮುಳುಗಿ ವೇಗ ತಗ್ಗುತ್ತದೆ.

ಹಾಗಾದರೆ ಪಾದವನ್ನು ಹಲಗೆಗೆ ಅಲುಗಾಡದಂತೆ ಬಿಗಿದುಬಿಟ್ಟರೆ ಸಮಸ್ಯೆ ತೀರುವುದೇ? ಇಲ್ಲ. ಬಿಗಿದ ಕಟ್ಟು ಸವಾರನು ನಿಂತಿರುವವರೆಗೆ ಅವನ ಮಿತ್ರ. ಬಿದ್ದ ಕ್ಷಣದಲ್ಲಿ ಅದೇ ಅವನ ಶತ್ರು. ಬಾಗಿಲನ್ನು ಕೀಲಿನ ಬಳಿ ತಳ್ಳುವುದಕ್ಕಿಂತ ಹೊರ ಅಂಚಿನಲ್ಲಿ ತಳ್ಳುವುದು ಸುಲಭ. ಬಲವು ಆಧಾರದಿಂದ ದೂರವಾದಷ್ಟೂ ಅದರ ತಿರುಗಿಸುವ ಶಕ್ತಿ ಹೆಚ್ಚುತ್ತದೆ. ಸವಾರನು ಬಿದ್ದಾಗ ನೀರು ಸ್ಕೀಯ ತುದಿಯನ್ನು ಪಕ್ಕಕ್ಕೆ ತಳ್ಳಿದರೆ, ಉದ್ದನೆಯ ಹಲಗೆಯೇ ಸನ್ನೆಗೋಲಾಗಿ ಪರಿಣಮಿಸುತ್ತದೆ. ತಿರುಚುವ ಬಲವೆಲ್ಲ ಕಣಕಾಲಿನ ಮೇಲೂ ಮೊಣಕಾಲಿನ ಮೇಲೂ ಬೀಳುತ್ತದೆ. ಇದಲ್ಲದೆ ವೇಗ ಇಮ್ಮಡಿಯಾದರೆ ನೀರಿನ ಬಲ ಸುಮಾರು ನಾಲ್ಮಡಿಯಾಗುತ್ತದೆ. ಸ್ಲಾಲಂ ಸ್ಪರ್ಧೆಯಲ್ಲಿ ದೋಣಿಯ ವೇಗ ಗಂಟೆಗೆ 58 ಕಿಲೋಮೀಟರುಗಳವರೆಗೆ ಏರುವುದುಂಟು. ಆ ವೇಗದಲ್ಲಿ ನೀರು ಮೃದುವಾದ ವಸ್ತುವಾಗಿ ಉಳಿಯುವುದಿಲ್ಲ.

ಕುದುರೆ ಸವಾರರಿಗೆ ಈ ಅಪಾಯ ಹಳೆಯದು. ರಿಕಾಪಿನಲ್ಲಿ ಕಾಲು ಸಿಕ್ಕಿಕೊಂಡು ಬಿದ್ದ ಸವಾರನನ್ನು ಬೆದರಿದ ಕುದುರೆ ಎಳೆದುಕೊಂಡು ಓಡುತ್ತದೆ. ಇದನ್ನು ತಡೆಯಲು ಅನೇಕ ಜೀನುಗಳಲ್ಲಿ ರಿಕಾಪಿನ ಪಟ್ಟಿಯನ್ನು ಒಂದು ಉಕ್ಕಿನ ಕೊಂಡಿಗೆ ಸಿಕ್ಕಿಸಿರುತ್ತಾರೆ. ಹಿಂದಕ್ಕೆ ಬಲವಾಗಿ ಎಳೆದರೆ ಪಟ್ಟಿ ಅದರಿಂದ ಕಳಚಿಕೊಳ್ಳುತ್ತದೆ.

ಹಿಮದ ಸ್ಕೀಗಳಿಗೂ ಇಂಥ ಉಪಾಯವೊಂದು ದೊರೆತದ್ದು ನೋವಿನ ನಡುವೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಯಾಲ್ಮರ್ ವಾಮ್ ನಿಪುಣನಾದ ಸ್ಕೀ ಪಟು. 1937ರಲ್ಲಿ ಅವನು ಬಿದ್ದು ಕಾಲು ಮುರಿದುಕೊಂಡನು. ಪಾದವು ಕಟ್ಟಿನಿಂದ ಬಿಡಿಸಿಕೊಂಡಿದ್ದರೆ ಮೂಳೆ ಮುರಿಯುತ್ತಿರಲಿಲ್ಲವೆಂದು ಆಸ್ಪತ್ರೆಯಲ್ಲಿ ಮಲಗಿದ್ದ ಅವನಿಗೆ ಹೊಳೆಯಿತು. ಸಾಮಾನ್ಯ ಚಲನೆಯಲ್ಲಿ ಪಾದವನ್ನು ಹಿಡಿದಿಟ್ಟುಕೊಂಡು, ಅಪಾಯಕಾರಿಯಾಗಿ ಪಕ್ಕಕ್ಕೆ ತಿರುಚಿದಾಗ ಬಿಟ್ಟುಕೊಡುವ ಕಟ್ಟನ್ನು ಅವನು ರೂಪಿಸಿದನು. ಹಿಡಿಯುವಂತೆಯೇ ಬಿಡುವುದೂ ಕಟ್ಟಿನ ಧರ್ಮವೆಂಬುದನ್ನು ಅವನ ಸಾಧನ ತೋರಿಸಿಕೊಟ್ಟಿತು.

ನೀರಿನ ಸ್ಕೀಯಲ್ಲಿ ಈ ಧರ್ಮವನ್ನು ರಬ್ಬರು ತನ್ನದೇ ರೀತಿಯಲ್ಲಿ ಪಾಲಿಸುತ್ತದೆ. ಅದು ಸಾಧಾರಣ ಬಲಕ್ಕೆ ಬಗ್ಗದೆ, ಮಿತಿಮೀರಿದ ಬಲಕ್ಕೆ ಹಿಗ್ಗುತ್ತದೆ. ಒದ್ದೆಯಾದ ಪಾದ ಆಗ ಜಾರಿ ಹೊರಬರುತ್ತದೆ. ಆದರೆ ಸ್ಲಾಲಂನಲ್ಲಿ ಎರಡು ಪಾದಗಳೂ ಒಂದೇ ಸ್ಕೀಯ ಮೇಲೆ ಒಂದರ ಹಿಂದೆ ಒಂದಾಗಿ ನಿಲ್ಲುತ್ತವೆ. ಬಿದ್ದಾಗ ಒಂದು ಪಾದ ಬಿಡಿಸಿಕೊಂಡು ಇನ್ನೊಂದು ಸಿಕ್ಕಿಕೊಂಡರೆ, ಹಲಗೆಯ ತಿರುಚು ಬಲವನ್ನು ಒಂದೇ ಕಾಲು ತಾಳಬೇಕಾಗುತ್ತದೆ. ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಮೊದಲನೆಯದು, ಹಿಂದಿನ ಪಾದಕ್ಕೆ ಸರಳವಾದ ಪಟ್ಟಿಯನ್ನಷ್ಟೇ ಒದಗಿಸುವುದು. ಎರಡನೆಯದು, ಎರಡು ಬೂಟುಗಳನ್ನೂ ಒಂದೇ ತಗಡಿನ ಮೇಲೆ ಕೂರಿಸಿ, ಬಲವು ಮಿತಿ ಮೀರಿದಾಗ ತಗಡೇ ಹಲಗೆಯಿಂದ ಕಳಚಿಕೊಳ್ಳುವಂತೆ ಮಾಡುವುದು. ಆಗ ಎರಡು ಪಾದಗಳೂ ಕೂಡಿಯೇ ಬಿಡುಗಡೆ ಹೊಂದುತ್ತವೆ.

ಎಷ್ಟು ಬಲಕ್ಕೆ ಬಿಡಬೇಕೆಂಬುದು ಕೊನೆಯ ಪ್ರಶ್ನೆ. ಬೇಗನೆ ಬಿಟ್ಟರೆ ನೆಟ್ಟಗೆ ನಿಂತಿದ್ದ ಸವಾರನೇ ಉರುಳುತ್ತಾನೆ. ತಡವಾಗಿ ಬಿಟ್ಟರೆ ಮೂಳೆ ಮುರಿಯುತ್ತದೆ. ಹಗುರವಾದ ಬಾಲಕನಿಗೆ ಹೊಂದಿಸಿದ ಕಟ್ಟು ಭಾರವಾದ ಪಟುವಿಗೆ ಒಗ್ಗದು. ಹೊಸಬನಿಗೆ ತಕ್ಕ ಹಿಡಿತ ಪಳಗಿದವನಿಗೆ ಸಾಲದು. ಆದುದರಿಂದಲೇ ಸವಾರನ ತೂಕ, ಅನುಭವ ಮತ್ತು ದೋಣಿಯ ವೇಗಗಳನ್ನು ಅರಿತು ಕಟ್ಟನ್ನು ಹೊಂದಿಸಬೇಕು. ರಬ್ಬರು ಬಿರುಕು ಬಿಟ್ಟಿದೆಯೇ, ತಿರುಪುಗಳು ಸಡಿಲಗೊಂಡಿವೆಯೇ ಎಂಬುದನ್ನು ನೀರಿಗೆ ಇಳಿಯುವ ಮುನ್ನ ಪರೀಕ್ಷಿಸಬೇಕು.

ದಡದಲ್ಲಿ ನಿಂತು ನೋಡುವವರ ಕಣ್ಣು ಸವಾರನ ಚಾತುರ್ಯದ ಮೇಲೆ, ದೋಣಿಯ ವೇಗದ ಮೇಲೆ, ಚಿಮ್ಮುವ ನೀರಿನ ಮೇಲೆ ನೆಡುತ್ತದೆ. ಪಾದದ ಕಟ್ಟನ್ನು ಗಮನಿಸುವವರು ವಿರಳ. ಆದರೆ ಅದನ್ನು ರಚಿಸಿದವನು ಸವಾರನ ಗೆಲುವನ್ನು ಮಾತ್ರವಲ್ಲ, ಅವನ ಬೀಳುವಿಕೆಯನ್ನೂ ಮೊದಲೇ ಮನಸ್ಸಿನಲ್ಲಿ ಕಂಡಿರುತ್ತಾನೆ. ಬಿದ್ದವನು ಗಾಯವಿಲ್ಲದೆ ಈಜಿ ಬಂದು ಮತ್ತೆ ಹಗ್ಗವನ್ನು ಹಿಡಿದರೆ, ಆ ಕಟ್ಟು ತನ್ನ ಕೆಲಸವನ್ನು ಪೂರೈಸಿದಂತೆ.