ಮಂದಿ ಏನಂತಾರ?

ತಿಕೋಟಾ, ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬರುವ ನಮ್ಮ ಗೆಳೆಯರ ಮಾತನ್ನು ಸ್ವಲ್ಪ ಗಮನಿಸಿ. ಬಸ್ಸಿನಲ್ಲಿ 'ಬರಾಕತ್ತೀನಿ, ತಡಿಯೋ' ಅನ್ನುವವನು ಕಾಲೇಜಿನ ಗೇಟ್ ದಾಟಿದ ಮೇಲೆ 'ಬರ್ತಾ ಇದೀನಿ ಮಗಾ' ಅಂತಾನೆ. ಲ್ಯಾಬ್‌ನಲ್ಲಿ ಅದೂ ಹೋಗಿ ಇಂಗ್ಲಿಷ್. ಹಿಂಗ ಮಾತಾಡು ಅಂತ ಯಾರೂ ಹೇಳಿರೋದಿಲ್ಲ. ಎದುರಿನವರು ನಮ್ಮನ್ನು ತಮ್ಮವರು ಅಂತ ಒಪ್ಪಲಿ ಅಂತ ನಾವೇ ಅವರ ಧಾಟಿಗೆ ಹತ್ತಿರ ಹೋಗ್ತೀವಿ. 1970ರ ದಶಕದಲ್ಲಿ ಹೊವಾರ್ಡ್ ಗೈಲ್ಸ್ ಎಂಬ ಮನೋವಿಜ್ಞಾನಿ ಇದನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದರು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಯುವ ಮನೆಯವರಿಗೆ ಇದೇನು ಹೊಸದಲ್ಲ ಬಿಡಿ. ಬಣ್ಣ ಚೆನ್ನಾಗಿರಲಿ ಅಂತ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡ್ತಾರೆ. ಪೇಟೆಯಲ್ಲಿ ಮೊದಲು ನೋಡೋದು ಬಣ್ಣ, ರುಚಿ ಆಮೇಲೆ.

ಮಾತಿನ ಬಣ್ಣ ಬದಲಾದರೆ ದೊಡ್ಡ ನಷ್ಟ ಏನಿಲ್ಲ. ಮನೆಗೆ ಹೋಗಿ ಅವ್ವನ ಮುಂದೆ ಕೂತರೆ ನಮ್ಮ ಮಾತು ತಾನೇ ವಾಪಸ್ ಬರ್ತದೆ. ನಿಜವಾದ ನಷ್ಟ ಆಗೋದು ಕ್ಲಾಸಿನಲ್ಲಿ. ಬೋರ್ಡ್ ತುಂಬ ಫೂರಿಯರ್ ಸೀರೀಸ್ ಬರೆದು ಸರ್ 'ಅರ್ಥ ಆಯ್ತಾ?' ಅಂತ ಕೇಳ್ತಾರೆ. ಅರವತ್ತು ತಲೆ ಒಟ್ಟಿಗೆ ಆಡ್ತವೆ. ಅರ್ಥ ಆಗದವನು ಸುತ್ತ ನೋಡಿ, 'ಎಲ್ಲಾರಿಗೂ ತಿಳಿದದ, ನನಗ ಒಬ್ಬಾವಗ ತಿಳಿದಿಲ್ಲ' ಅಂದುಕೊಂಡು ತಾನೂ ತಲೆ ಆಡಿಸ್ತಾನೆ. ಪಕ್ಕದವನು ಇವನ ತಲೆ ನೋಡಿಕೊಂಡು ಅದನ್ನೇ ಅಂದುಕೊಂಡಿರ್ತಾನೆ! ಇದರ ಲೆಕ್ಕ ಇಂಟರ್ನಲ್ಸ್‌ನಲ್ಲಿ ಸಿಗ್ತದೆ.

1950ರ ದಶಕದಲ್ಲಿ ಅಮೆರಿಕದ ಸಾಲೊಮನ್ ಆಶ್ ಒಂದು ಸರಳ ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಇನ್ನೊಂದು ಕಾರ್ಡಿನ ಮೂರು ಗೆರೆಗಳಲ್ಲಿ ಅಷ್ಟೇ ಉದ್ದದ್ದು ಯಾವುದು ಅಂತ ಕೇಳೋದು. ಒಬ್ಬನನ್ನು ಬಿಟ್ಟು ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಜೊತೆ ಮೊದಲೇ ಮಾತಾಡಿಕೊಂಡವರು. 18 ಸುತ್ತುಗಳ ಪೈಕಿ 12ರಲ್ಲಿ ಅವರು ಬೇಕಂತಲೇ ಒಂದೇ ತಪ್ಪು ಉತ್ತರ ಹೇಳಿದರು. ಆ ಸುತ್ತುಗಳಲ್ಲಿ, ವಿಷಯ ಗೊತ್ತಿಲ್ಲದೆ ಕೂತವರ ಉತ್ತರಗಳಲ್ಲೂ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪನ್ನೇ ಹಿಡಿದವು. ಕಣ್ಣಿಗೆ ಕಾಣುವ ಗೆರೆಯ ಕಥೆಯೇ ಹಿಂಗಾದರೆ ಫೂರಿಯರ್ ಪಾಡೇನು! ಹಾಗಂತ ಎಲ್ಲರೂ ಬಾಗಲಿಲ್ಲ. ನಾಲ್ಕರಲ್ಲಿ ಒಬ್ಬರಷ್ಟು ಮಂದಿ ಒಮ್ಮೆಯೂ ಗುಂಪಿನ ಹಿಂದೆ ಹೋಗಲಿಲ್ಲ. ನಮಗೆ ಉಪಯೋಗದ ಮಾತು ಇನ್ನೊಂದಿದೆ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹಾಗೆ ಬಾಗೋದು ತೀರಾ ಕಡಿಮೆಯಾಯಿತು.

ನಮ್ಮ ಕ್ಲಾಸಿನಲ್ಲೂ ಇದನ್ನು ನೋಡಬಹುದು. ಯಾವುದೋ ಮೂಲೆ ಬೆಂಚಿನಿಂದ 'ಸರ, ಆ ಎರಡನೇ ಸ್ಟೆಪ್ ಹೆಂಗ ಬಂತ್ರಿ?' ಅಂತ ಒಬ್ಬರು ಕೇಳಿದ್ದೇ ತಡ, ಇನ್ನೂ ಮೂರು ಕೈ ಮೇಲೇಳ್ತವೆ. ಕೇಳಿದ್ದು ಬಬಲೇಶ್ವರದ ಮಾತಿನಾಗ ಅಂತ ಆಗ ಯಾರೂ ನಗೋದಿಲ್ಲ. ಎಲ್ಲರೂ ಎರಡನೇ ಸ್ಟೆಪ್ ಬರಕೊಳ್ಳೋದ್ರಾಗ ಇರ್ತಾರೆ.