ಕದಲದ ಗೇರು
ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟು ನಿಂತ ವೇಳೆಯಲ್ಲಿ ಆಟೋಮ್ಯಾಟಿಕ್ ಕಾರಿನ ಗೇರು ‘ಪಿ’ ಸ್ಥಾನವನ್ನು ಬಿಟ್ಟು ಕದಲದಿದ್ದರೆ, ಅದರೊಡನೆ ಮಲ್ಲಯುದ್ಧಕ್ಕಿಳಿಯುವ ಮೊದಲು, ಬ್ರೇಕನ್ನು ಪೂರ್ತಿಯಾಗಿ ತುಳಿದು, ಹಿಂಬದಿಯ ಕೆಂಪು ದೀಪವು ಬೆಳಗುವುದೇ ಎಂಬುದನ್ನು ಮನೆಯವರೊಬ್ಬರಿಂದ ನೋಡಿಸತಕ್ಕದ್ದು. ಬೆಳಗದಿದ್ದರೆ ದೋಷವು ಪ್ರಾಯಶಃ ಪೆಡಲಿನ ಮೇಲ್ಗಡೆಯ ಪುಟ್ಟ ಸ್ವಿಚ್ಚಿನಲ್ಲೋ ಫ್ಯೂಸಿನಲ್ಲೋ ಇದ್ದೀತು. ಬ್ರೇಕ್ ತುಳಿದ ಸಂಕೇತ ತಲುಪದೆ ಗೇರಿನ ಬೀಗ ತೆರೆಯಲಾರದು. ಅನೇಕ ಕಾರುಗಳಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನು ತುಳಿದುಕೊಂಡೇ, ಗೇರಿನ ಪಕ್ಕದ ಸಣ್ಣ ಮುಚ್ಚಳವನ್ನೆಬ್ಬಿಸಿ ಒಳಗಿನ ಗುಂಡಿಯನ್ನು ಕೀಲಿಯ ತುದಿಯಿಂದ ಒತ್ತಿದರೆ ಗೇರು ‘ಎನ್’ಗೆ ಸರಿಯುತ್ತದೆ. ಜಟಿಂಗ ರಾಮೇಶ್ವರದ ಬೆಟ್ಟದ ಕಡೆಯಂಥ ಇಳಿಜಾರಿನಲ್ಲಿ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಎಳೆದ ತರುವಾಯವೇ ‘ಪಿ’ಗೆ ಹಾಕಬೇಕು, ಇಲ್ಲವಾದರೆ ಗಾಡಿಯ ಭಾರವೆಲ್ಲ ಒಳಗಿನ ಕೊಂಡಿಯ ಮೇಲೆ ಬಿದ್ದು ಅದು ಬಿಗಿದುಕೊಳ್ಳುತ್ತದೆ. ಗೇರು ಬಿಟ್ಟಿತೆಂದು, ಬ್ರೇಕಿನ ದೀಪವಿಲ್ಲದ ಗಾಡಿಯನ್ನು ಲಾರಿಗಳ ನಡುವೆ ಮಾತ್ರ ಓಡಿಸದಿರಿ.