ಕಿತ್ತುಹೋದ ಥ್ರೆಡ್ಡಿಗೆ ಉಕ್ಕಿನ ಸುರುಳಿ

ಮಕ್ಕಳೇ, ನೀರಿನ ಬಾಟಲಿಯ ಮುಚ್ಚಳ ಕೆಲವು ಸಲ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಲೇ ಇರುವುದನ್ನು ನೋಡಿದ್ದೀರಾ? ಬಾಟಲಿಗಾದರೆ ಬೇರೆ ಮುಚ್ಚಳ ಹುಡುಕಬಹುದು. ಕಾರಿನ ಎಂಜಿನ್ನಿನ ಬೋಲ್ಟು ಹೀಗಾದರೆ ಏನು ಮಾಡುವುದು? ಬೆಂಗಳೂರಿನ ದೊಮ್ಮಲೂರಿನ ಒಂದು ಗ್ಯಾರೇಜಿಗೆ ಹೋಗಿ ನೋಡೋಣ ಬನ್ನಿ.

ಗ್ಯಾರೇಜಿನಲ್ಲಿ ಒಂದು ಟ್ಯಾಕ್ಸಿ ನಿಂತಿದೆ. ನಾಳೆ ಬೆಳಗ್ಗೆ ಅದು ಬಾಡಿಗೆಗೆ ಹೋಗಬೇಕು. ಎಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೋಗುವ ದಾರಿಯ ಮೇಲೆ ಒಂದು ಸಣ್ಣ ಮುಚ್ಚಳವಿದೆ. ಕೆಲಸ ಕಲಿಯಲು ಬಂದಿರುವ ಐ.ಟಿ.ಐ. ವಿದ್ಯಾರ್ಥಿ ಅದನ್ನು ಕೂರಿಸುತ್ತಿದ್ದಾನೆ. ಎರಡನೆಯ ಬೋಲ್ಟು ಬಿಗಿಯಾಗುತ್ತಾ ಬಂದು, ಇದ್ದಕ್ಕಿದ್ದಂತೆ ಸಡಿಲವಾಯಿತು.

"ಅಣ್ಣಾ, ಈ ಬೋಲ್ಟು ಸುಮ್ಮನೆ ತಿರುಗ್ತಾ ಇದೆ."

"ಸ್ಪ್ಯಾನರಿಗೆ ಪೈಪು ಸಿಕ್ಕಿಸಿದ್ಯಾ?" ಎಂದರು ಹಿರಿಯ ಮೆಕ್ಯಾನಿಕ್.

"ಹೂಂ ಅಣ್ಣಾ. ನೀರು ಸೋರಬಾರದು ಅಂತ ಇನ್ನೂ ಸ್ವಲ್ಪ ಬಿಗಿ ಮಾಡಿದೆ."

"ಥ್ರೆಡ್ ಕಿತ್ತುಹೋಯ್ತು. ಹಾಗೇ ಬಿಟ್ರೆ ನೀರು ಸೋರಿ ಎಂಜಿನ್ ಬಿಸಿಯಾಗಿ ಹೆಡ್ಡೇ ಸೊಟ್ಟಗಾಗುತ್ತೆ. ಹೆದರಬೇಡ, ಸರಿ ಮಾಡೋಣ."

ಒಂದು ಸಣ್ಣ ತೂತು ಕೆಟ್ಟಿತೆಂದು ದುಬಾರಿಯಾದ ಇಡೀ ಸಿಲಿಂಡರ್ ಹೆಡ್ಡನ್ನು ಎಸೆಯಬೇಕಿಲ್ಲ. ಆದರೆ ಸರಿಮಾಡುವ ಮೊದಲು, ಕೆಟ್ಟಿದ್ದೇಕೆ ಎಂದು ತಿಳಿಯಬೇಕು.

ಥ್ರೆಡ್ ಎಂದರೇನು?

ಮಾಡಿ ನೋಡಿ: ಕಾಗದದಲ್ಲಿ ಒಂದು ಲಂಬಕೋನ ತ್ರಿಭುಜ ಕತ್ತರಿಸಿ. ಅದರ ಓರೆ ಅಂಚಿಗೆ ಬಣ್ಣ ಹಚ್ಚಿ. ಲಂಬವಾದ ಬದಿಯನ್ನು ಪೆನ್ಸಿಲ್ಲಿಗೆ ಹಿಡಿದು ಕಾಗದವನ್ನು ಸುತ್ತುತ್ತಾ ಹೋಗಿ. ಬಣ್ಣದ ಗೆರೆ ಪೆನ್ಸಿಲ್ಲಿನ ಮೇಲೆ ಸುರುಳಿಯಾಗಿ ಏರುತ್ತದೆ. ಇದೇ ಥ್ರೆಡ್! ನೀವು ಪಾಠದಲ್ಲಿ ಓದಿದ ಇಳಿಜಾರು ತಲವನ್ನೇ ಕಂಬಕ್ಕೆ ಸುತ್ತಿದರೆ ತಿರುಪು ಆಗುತ್ತದೆ.

ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ದೂರಕ್ಕೆ ಪಿಚ್ ಎನ್ನುತ್ತಾರೆ. ನಮ್ಮ ಬೋಲ್ಟಿನ ಹೆಸರು ಎಂ-6. ಅಂದರೆ ಅದರ ವ್ಯಾಸ 6 ಮಿ.ಮೀ. ಸಾಮಾನ್ಯ ಎಂ-6 ಬೋಲ್ಟಿನ ಪಿಚ್ 1 ಮಿ.ಮೀ. ಅದನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಒಳಗೆ ಹೋಗುವುದು 1 ಮಿ.ಮೀ. ಮಾತ್ರ. ಕೈ ಬಹು ದೂರ ಚಲಿಸುತ್ತದೆ, ಬೋಲ್ಟು ಸ್ವಲ್ಪವೇ ಚಲಿಸುತ್ತದೆ. ಆದ್ದರಿಂದಲೇ ಕೈಯ ಸಣ್ಣ ಬಲ ಬೋಲ್ಟಿನಲ್ಲಿ ದೊಡ್ಡ ಬಲವಾಗುತ್ತದೆ.

ಪೈಪು ಮಾಡಿದ ತಪ್ಪು

ಸ್ಪ್ಯಾನರಿನ ಉದ್ದ 20 ಸೆಂ.ಮೀ. ಎಂದುಕೊಳ್ಳಿ. ಅದರ ತುದಿಯನ್ನು 50 ನ್ಯೂಟನ್ ಬಲದಿಂದ, ಅಂದರೆ ಸುಮಾರು 5 ಕಿ.ಗ್ರಾಂ ತೂಕ ಎತ್ತುವಷ್ಟು ಬಲದಿಂದ ಎಳೆಯೋಣ.

0.2 ಮೀಟರ್ × 50 ನ್ಯೂಟನ್ = 10 ನ್ಯೂಟನ್-ಮೀಟರ್

ತಿರುಗಿಸುವ ಈ ಪರಿಣಾಮಕ್ಕೆ ಟಾರ್ಕ್ ಎಂದು ಹೆಸರು. ಎಂ-6 ಬೋಲ್ಟಿಗೆ ಸಾಮಾನ್ಯವಾಗಿ ಇಷ್ಟೇ ಸಾಕು. ಇಷ್ಟಕ್ಕೇ ಆ ಬೋಲ್ಟು ಮುಚ್ಚಳವನ್ನು ಸುಮಾರು 800 ಕಿ.ಗ್ರಾಂ ತೂಕದಷ್ಟು ಬಲದಿಂದ ಅಮುಕಿ ಹಿಡಿಯುತ್ತದೆ. ಒಂದು ಮಾರುತಿ 800 ಕಾರಿನ ತೂಕವೂ ಇಷ್ಟಿರಲಿಲ್ಲ!

ಈಗ ಪೈಪು ಸಿಕ್ಕಿಸಿ ಹಿಡಿಯನ್ನು 60 ಸೆಂ.ಮೀ. ಮಾಡಿ ಅಷ್ಟೇ ಬಲದಿಂದ ಎಳೆದರೆ? 0.6 × 50 = 30 ನ್ಯೂಟನ್-ಮೀಟರ್. ಕೈಗೆ ಹೆಚ್ಚು ಶ್ರಮವೇ ಆಗಲಿಲ್ಲ, ಆದರೆ ಟಾರ್ಕ್ ಮೂರು ಪಟ್ಟಾಯಿತು. ಹುಡುಗನಿಗೆ ಇದು ಗೊತ್ತಾಗಲಿಲ್ಲ.

ಸೋತದ್ದು ಬೋಲ್ಟಲ್ಲ, ತೂತು

ಮಾಡಿ ನೋಡಿ: ಒಂದು ಸಾಬೂನಿನ ತುಂಡಿಗೆ ಸ್ಕ್ರೂ ಒಂದನ್ನು ನಿಧಾನವಾಗಿ ತಿರುಗಿಸಿ. ತಲೆ ಸಾಬೂನಿಗೆ ತಾಗಿದ ಮೇಲೂ ತಿರುಗಿಸುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ಸ್ಕ್ರೂ ಸಡಿಲವಾಗುತ್ತದೆ. ಹೊರಗೆಳೆದು ನೋಡಿ. ಸ್ಕ್ರೂವಿಗೆ ಏನೂ ಆಗಿಲ್ಲ. ಅದರ ಸುತ್ತುಗಳ ನಡುವೆ ಸಾಬೂನು ತುಂಬಿಕೊಂಡಿದೆ.

ಎಂಜಿನ್ನಿನಲ್ಲೂ ಹೀಗೆಯೇ ಆಯಿತು. ಬೋಲ್ಟು ಉಕ್ಕಿನದು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಹಗುರ, ಶಾಖವನ್ನೂ ಬೇಗ ಸಾಗಿಸುತ್ತದೆ. ಅದಕ್ಕೇ ಎಂಜಿನ್ನಿಗೆ ಒಳ್ಳೆಯದು. ಆದರೆ ಉಕ್ಕಿಗಿಂತ ಮೆದು. ಎಳೆತ ಹೆಚ್ಚಾದಾಗ ಮೆದುವಾದದ್ದೇ ಮೊದಲು ಸೋಲುತ್ತದೆ. ಮೆಕ್ಯಾನಿಕ್ ಬೋಲ್ಟು ತೆಗೆದು ತೋರಿಸಿದರು. ಅದರ ಸುತ್ತುಗಳಲ್ಲಿ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಚೂರುಗಳು ಸಿಕ್ಕಿಕೊಂಡಿದ್ದವು.

ರಿಪೇರಿ ಹೀಗೆ ನಡೆಯಿತು

1. ಮೊದಲು ತೂತಿನ ಆಳ ಅಳೆದು, ಡ್ರಿಲ್ ಬಿಟ್ಟಿಗೆ ಅಷ್ಟೇ ಎತ್ತರದಲ್ಲಿ ಟೇಪಿನ ಗುರುತು ಸುತ್ತಿದರು. ಹೆಚ್ಚು ಆಳಕ್ಕೆ ಕೊರೆದರೆ ಒಳಗಿನ ನೀರಿನ ದಾರಿಗೇ ತೂತು ಬೀಳಬಹುದು!

2. 6.3 ಮಿ.ಮೀ. ಬಿಟ್ಟಿನಿಂದ ನೆಟ್ಟಗೆ ಕೊರೆದರು. ಹಳೆಯ ಥ್ರೆಡ್ಡಿನ ಉಳಿಕೆಯೆಲ್ಲ ಹೋಯಿತು. ಬಿಟ್ಟಿಗೆ ಗ್ರೀಸ್ ಸವರಿದ್ದರಿಂದ ಚೂರುಗಳು ಅದಕ್ಕೇ ಅಂಟಿಕೊಂಡವು.

3. ಟ್ಯಾಪ್ ಎಂಬ ಉಪಕರಣದಿಂದ ಹೊಸ ಥ್ರೆಡ್ ಕೊಯ್ದರು. ಇದು ಇದೇ ಕೆಲಸಕ್ಕೆಂದು ಮಾಡಿದ ಟ್ಯಾಪ್. ಇದರ ಪಿಚ್ ಅದೇ 1 ಮಿ.ಮೀ., ವ್ಯಾಸ ಮಾತ್ರ 7 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೀಗೆ ತಿರುಗಿಸಿದರೆ ಚೂರುಗಳು ಮುರಿದು ಟ್ಯಾಪ್ ಸಿಕ್ಕಿಹಾಕಿಕೊಳ್ಳುವುದಿಲ್ಲ.

4. ತೂತಿನಲ್ಲಿ ಒಂದು ಚೂರೂ ಉಳಿಯದಂತೆ ಶುಚಿ ಮಾಡಿದರು.

5. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯೊಂದನ್ನು ತಿರುಗಿಸುತ್ತಾ ಒಳಗಿಳಿಸಿದರು. ಗ್ಯಾರೇಜುಗಳಲ್ಲಿ ಇದನ್ನು ಹೆಲಿಕಾಯಿಲ್ ಎನ್ನುತ್ತಾರೆ. ಸುರುಳಿಯ ಮೇಲ್ತುದಿ ತೂತಿನ ಬಾಯಿಗಿಂತ ಸ್ವಲ್ಪ ಕೆಳಗೆ ನಿಂತಿತು.

6. ಸುರುಳಿಯನ್ನು ತಿರುಗಿಸಲು ಅದರ ತಳದಲ್ಲಿ ಅಡ್ಡಕ್ಕೆ ಬಗ್ಗಿಸಿದ ಸಣ್ಣ ತುಂಡಿರುತ್ತದೆ. ಕೊನೆಗೆ ಅದನ್ನು ಮುರಿದು ಹೊರತೆಗೆದರು.

ಇಷ್ಟು ಸಣ್ಣ ತಂತಿ ಹೇಗೆ ಹಿಡಿಯುತ್ತದೆ?

ಈ ತಂತಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಗುಂಡಗಿರುವುದಿಲ್ಲ, ಇಸ್ಪೀಟಿನ ಡೈಮಂಡ್ ಗುರುತಿನ ಆಕಾರದಲ್ಲಿರುತ್ತದೆ. ಹೊರಗಿನ ಚೂಪು ಅಲ್ಯೂಮಿನಿಯಂನ ಹೊಸ ಥ್ರೆಡ್ಡಿನಲ್ಲಿ ಕೂರುತ್ತದೆ. ಒಳಗಿನ ಚೂಪು ಸರಿಯಾಗಿ ಎಂ-6 ಬೋಲ್ಟಿಗೆ ಹೊಂದುವ ಥ್ರೆಡ್ ಆಗುತ್ತದೆ. ಸುರುಳಿಯನ್ನು ತೂತಿಗಿಂತ ತುಸು ದೊಡ್ಡದಾಗಿಯೇ ಮಾಡಿರುತ್ತಾರೆ. ಒಳಗೆ ಹೋದ ಮೇಲೆ ಅದು ಸ್ಪ್ರಿಂಗಿನಂತೆ ಹೊರಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಅಂಟು ಬೇಕಿಲ್ಲ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಸರಿಯಾಗಿ ಮಾಡಿದ ಈ ರಿಪೇರಿ ಮೊದಲಿನ ತೂತಿಗಿಂತ ಗಟ್ಟಿಯಾಗಿರಬಲ್ಲದು! ಕಾರಣ, ಈಗ ಅಲ್ಯೂಮಿನಿಯಂನ ಥ್ರೆಡ್ ಇನ್ನೂ ದೊಡ್ಡ ವೃತ್ತದಲ್ಲಿದೆ. ಭಾರ ಹೆಚ್ಚು ಲೋಹದ ಮೇಲೆ ಹಂಚಿಹೋಗುತ್ತದೆ. ಸಾಮಾನ್ಯ ಥ್ರೆಡ್ಡಿನಲ್ಲಿ ಮೊದಲ ಸುತ್ತೊಂದೇ ಭಾರದ ಸುಮಾರು ಮೂರನೆಯ ಒಂದು ಭಾಗವನ್ನು ಹೊರುತ್ತದೆ. ಬಾಗಬಲ್ಲ ಸುರುಳಿ ಆ ಭಾರವನ್ನು ಉಳಿದ ಸುತ್ತುಗಳಿಗೂ ಹಂಚುತ್ತದೆ. ಹತ್ತಾರು ಸಲ ಬೋಲ್ಟು ಬಿಚ್ಚಿ ಹಾಕಿದರೂ ಸವೆಯಬೇಕಾದದ್ದು ಮೆದು ಅಲ್ಯೂಮಿನಿಯಂ ಅಲ್ಲ, ಗಟ್ಟಿ ಉಕ್ಕು.

ಆದರೆ ಎಲ್ಲಕ್ಕೂ ಇದು ಮದ್ದಲ್ಲ. ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ ಅಥವಾ ಗೋಡೆ ತೀರ ತೆಳುವಾಗಿದ್ದರೆ ಈ ಉಪಾಯ ನಡೆಯುವುದಿಲ್ಲ.

ನಿಮಗೆ ಗೊತ್ತೆ?

* ದೊಮ್ಮಲೂರಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ ಎಚ್.ಎ.ಎಲ್. ಸಿಗುತ್ತದೆ. ವಿಮಾನಗಳಲ್ಲಿ ಅಲ್ಯೂಮಿನಿಯಂ ಬಳಕೆ ಬಹಳ. ಜಗತ್ತಿನ ವಿಮಾನ ತಯಾರಕರು ಥ್ರೆಡ್ ಕೀಳುವವರೆಗೆ ಕಾಯದೆ, ಹೊಸ ಭಾಗಗಳಿಗೇ ಇಂಥ ಸುರುಳಿಗಳನ್ನು ಹಾಕುವುದುಂಟು.

* ಹಿಂದೆ ಒಂದೊಂದು ಕಾರ್ಖಾನೆಯ ಥ್ರೆಡ್ ಒಂದೊಂದು ಬಗೆಯದಾಗಿತ್ತು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು 1841ರಲ್ಲಿ ಸೂಚಿಸಿದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್.

ಕೊನೆಯ ಪಾಠ

ಟ್ಯಾಕ್ಸಿಯ ಬೋಲ್ಟನ್ನು ಮತ್ತೆ ಹಾಕುವ ಕೆಲಸವನ್ನು ಮೆಕ್ಯಾನಿಕ್ ಆ ಹುಡುಗನಿಗೇ ಕೊಟ್ಟರು. "ಮೊದಲು ಎಡಕ್ಕೆ ತಿರುಗಿಸು. ಟಕ್ ಅಂತ ಕೂತಿದ್ದು ಕೈಗೆ ಗೊತ್ತಾಗುತ್ತೆ. ಆಮೇಲೆ ಬಲಕ್ಕೆ. ಬೆರಳಲ್ಲೇ ಹೋಗಬೇಕು. ಸ್ಪ್ಯಾನರ್ ಕೊನೆಗೆ." ಕಡೆಯ ಬಿಗಿತಕ್ಕೆ ಟಾರ್ಕ್ ತೋರಿಸುವ ಸ್ಪ್ಯಾನರನ್ನು ಕೈಗಿತ್ತರು. 10 ನ್ಯೂಟನ್-ಮೀಟರಿಗೆ ಅದು 'ಕಟ್' ಎಂದಿತು. ಹುಡುಗ ಅಲ್ಲಿಗೇ ನಿಲ್ಲಿಸಿದ. ಎಂಜಿನ್ ಚಾಲೂ ಮಾಡಿ ಬಿಸಿಯಾಗುವವರೆಗೆ ಕಾದರು. ಒಂದು ಹನಿಯೂ ಸೋರಲಿಲ್ಲ.

ಯೋಚಿಸಿ, ಉತ್ತರಿಸಿ

1. 40 ಸೆಂ.ಮೀ. ಉದ್ದದ ಸ್ಪ್ಯಾನರಿನಿಂದ 10 ನ್ಯೂಟನ್-ಮೀಟರ್ ಟಾರ್ಕ್ ಬೇಕಾದರೆ ಎಷ್ಟು ಬಲ ಸಾಕು?

2. ಒಂದು ಬೋಲ್ಟಿನ ಹತ್ತು ಸುತ್ತುಗಳ ಉದ್ದವನ್ನು ಸ್ಕೇಲಿನಿಂದ ಅಳೆಯಿರಿ. ಅದರ ಪಿಚ್ ಎಷ್ಟು?

3. ಬಾಟಲಿಯ ಮುಚ್ಚಳವನ್ನು ಮೊದಲು ಎಡಕ್ಕೆ ತಿರುಗಿಸಿ ನೋಡಿ. 'ಟಕ್' ಎಂದು ಕೂರುವುದು ಏಕೆ?